ಎಡಗಡೆಯ ವಿಮಾನ

ನಮ್ಮ ಮನೆಯವರಿಗೆ ‘ಏರ್ ಕಮೋಡೋರ್’ ಎಂಬ ಮಾತು ಕೊನೆಯವರೆಗೂ ಬಾಯಿಗೆ ಹತ್ತಲಿಲ್ಲ. ನಮ್ಮ ಬಟ್ಟೆ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ “ನನ್ನ ಹೆಂಡತೀ ತಮ್ಮ ವಿಮಾನದ ಜನರಲ್ ಇದ್ದಾನ್ರೀ” ಎಂದು ಶುರು ಮಾಡಿದರೆಂದರೆ ಅರಿವೆ ಅಳೆಯುವುದು ಅಲ್ಲಿಗೇ ನಿಂತಿತು. “ವ್ಯಾಪಾರ ಮಾಡ್ರೀ, ಪುರಾಣ ಹೇಳಬ್ಯಾಡ್ರೀ” ಎಂದು ನಾನು ಬೈಯುತ್ತಿದ್ದೆ. ಬೈಯುವುದು ಬಾಯಿಮಾತಿಗೆ. ಒಳಗೆ ಹಿಗ್ಗು ಅವರಿಗಿಂತ ನನಗೇ ಹೆಚ್ಚಿತ್ತು. ಅವ್ವ ತೀರಿಕೊಂಡಾಗ ತಮ್ಮ ನೀಲಕಂಠಪ್ಪ ಇನ್ನೂ ತೊಟ್ಟಿಲ ಕೂಸು. ಅವನನ್ನು ಟೊಂಕದ ಮೇಲೆ ಹೊತ್ತು ಬೆಳೆಸಿದವಳು ಈ ಚಂದ್ರವ್ವ. ಹಿಗ್ಗು ನನಗಲ್ಲದೆ ಇನ್ನಾರಿಗೆ?

ಬಿಜಾಪುರದ ಮುನ್ಸಿಪಾಲಿಟಿ ಶಾಲೆಯಿಂದ ಧಾರವಾಡದ ಕಾಲೇಜಿಗೆ ಹೋದ, ಅಲ್ಲಿಂದ ಸೀದಾ ವಾಯುಪಡೆಗೆ. ಅಪ್ಪ ಊಟ ಬಿಟ್ಟು ಕೂತಿದ್ದರು. ಕೊನೆಗೆ ಒಂದೇ ಮಾತಿಗೆ ಒಪ್ಪಿದರು: ಎಲ್ಲಿಗೇ ಹಾರು, ಮೈಮೇಲಿನ ಲಿಂಗ ಮಾತ್ರ ಇಳಿಸಬೇಡ. ತರಬೇತಿಯಲ್ಲಿ ಒಬ್ಬ ಬಿಳಿ ಅಧಿಕಾರಿ ಕೊರಳಿನ ದಾರ ನೋಡಿ ತೆಗೆ ಎಂದನಂತೆ. “ಇದು ಹೋದರೆ ನಾನೂ ಹೋಗುತ್ತೇನೆ, ನಿಮಗೆ ಯಾವುದು ಬೇಕು ನೋಡಿ” ಎಂದು ಇವನು ನಿಂತೇಬಿಟ್ಟನಂತೆ. ಆ ಅಧಿಕಾರಿ ನಕ್ಕು ಬಿಟ್ಟ. ಆಮೇಲೆ ಯುದ್ಧ ಬಂತು, ಬರ್ಮಾದ ಕಾಡಿನ ಮೇಲೆ ಹಾರಿದ. ಸ್ವಾತಂತ್ರ್ಯ ಬಂತು, ಕಾಶ್ಮೀರದ ಹಿಮದಲ್ಲಿ ಇಳಿದ. ಭುಜದ ಮೇಲಿನ ಪಟ್ಟಿ ಹೆಚ್ಚುತ್ತಾ ಹೋಯಿತು. ಎಲ್ಲಿಗೆ ಹೋದರೂ ಎದೆಯ ಮೇಲೆ ಬೆಳ್ಳಿಯ ಕರಡಿಗೆ, ಅದರೊಳಗೆ ಅವನ ಇಷ್ಟಲಿಂಗ.

ಐವತ್ತೇಳನೇ ಇಸವಿಯ ಚಳಿಗಾಲ. ದಿಲ್ಲಿಯಿಂದ ಯಾರೋ ದೊಡ್ಡವರು ಮುಂಬಯಿಗೆ ಬರುವವರಿದ್ದರು. ಅವರ ಎದುರಿಗೆ ಚೌಪಾಟಿಯ ಮೇಲೆ ಐದು ಜೆಟ್ ವಿಮಾನಗಳು ಸಾಲಾಗಿ ಹಾರಬೇಕು. ಅವನಷ್ಟು ದೊಡ್ಡ ಹುದ್ದೆಯವರು ಕೆಳಗೆ ನಿಂತು ನೋಡುತ್ತಾರಂತೆ. ಇವನಿಗೆ ಹಟ, ಎಲ್ಲಕ್ಕೂ ಮುಂದಿನ ವಿಮಾನ ನಾನೇ ಹಾರಿಸುತ್ತೇನೆ ಎಂದು ಎಲ್ಲರಿಗೂ ಹೇಳಿಬಿಟ್ಟಿದ್ದ. ಅದೊಂದು ಚೆಂದಾಗಿ ಮುಗಿದರೆ ಏರ್ ವೈಸ್ ಮಾರ್ಷಲ್ ಹುದ್ದೆ, ದಿಲ್ಲಿಯಲ್ಲಿ ಕುರ್ಚಿ. ಹೆಂಡತಿ ಮಕ್ಕಳನ್ನು ದಿಲ್ಲಿಯಲ್ಲೇ ಬಿಟ್ಟು ಒಬ್ಬನೇ ಬಂದ. ಅಧಿಕಾರಿಗಳ ಮೆಸ್ಸಿನಲ್ಲಿ ಇಳಿಯಲಿಲ್ಲ, ಚೆಂಬೂರಿನ ನಮ್ಮ ಮನೆಗೇ ಬಂದ.

“ಮೆಸ್ಸಿನ್ಯಾಗ ಪೂಜಾಕ್ಕ ತ್ರಾಸ ಆಗತೈತಿ ಅಕ್ಕಾ. ನಿನ್ನ ಕೈಯಾನ ರೊಟ್ಟಿನೂ ತಿನ್ನಬೇಕಾಗೇತಿ” ಎಂದ. ನಾನು ಉಬ್ಬಿಹೋದೆ.

ಮರುದಿನ ಬೆಳಿಗ್ಗೆ ಅವನು ಸ್ನಾನ ಮಾಡಿ ಮಣೆಯ ಮೇಲೆ ಪೂಜೆಗೆ ಕೂತ. ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಅದರ ಮೇಲೆ ದೃಷ್ಟಿ ನೆಟ್ಟು ಕೂರುವುದು ನಮ್ಮ ಪದ್ಧತಿ. ನಾನು ಬಿಲ್ವಪತ್ರೆ ತಂದಿಟ್ಟು ನೋಡುತ್ತೇನೆ, ಇವನು ವಿಭೂತಿಯ ಬೆರಳನ್ನು ಲಿಂಗದ ಪಕ್ಕಕ್ಕೆ ಒತ್ತುತ್ತಿದ್ದಾನೆ. ಪತ್ರೆ ಏರಿಸಿದ, ಅದೂ ಜಾರಿ ಹೆಬ್ಬೆರಳಿನ ಬುಡಕ್ಕೆ ಬಿತ್ತು.

“ತಮ್ಮಾ, ಚಿತ್ತ ಎಲ್ಲೈತೋ? ಇಭೂತಿ ಲಿಂಗಕ್ಕ ಹಚ್ಚತಿಯೋ ಅಂಗೈಗೆ ಹಚ್ಚತಿಯೋ? ದಿಲ್ಲೀ ಕುರ್ಚಿ ಕನಸ ಬಿದ್ದಾವೇನು?”

“ಅಕ್ಕಾ, ನಿನ್ನ ಬಾಯಿಗೆ ಮುಂಜಾನಿ ಹೊತ್ತರ ಒಂದೀಟು ಸೂಟಿ ಕೊಡಬಾರದೇನ?” ಎಂದು ನಕ್ಕ.

ನಾನೂ ನಕ್ಕೆ. ಭಕ್ತಿ ಕಡಿಮೆಯಾಗಿದೆ, ಅಷ್ಟೇ ಎಂದುಕೊಂಡೆ. ನನ್ನ ಬುದ್ಧಿಗೆ ಬೆಂಕಿ ಹಾಕಬೇಕು. ಊಟಕ್ಕೆ ಕೂತಾಗ ತಂಬಿಗೆಯಿಂದ ಲೋಟಕ್ಕೆ ನೀರು ಬಗ್ಗಿಸಿದ, ನೀರು ಲೋಟದ ಹೊರಗೇ ಹರಿಯಿತು. ಆಗಲೂ ನಾನು ಬೈದೆನೇ ಹೊರತು ಯಾಕೆ ಎಂದು ಯೋಚಿಸಲಿಲ್ಲ.

ಕೆಳಗಿನ ಮಹಡಿಯಲ್ಲಿ ಮೈಸೂರಿನ ಕೇಶವಮೂರ್ತಿಯವರ ಸಂಸಾರ. ಅವರು ರಿಫೈನರಿಯಲ್ಲಿ ಎಂಜಿನಿಯರು, ನಮ್ಮ ಬಿಲ್ಡಿಂಗಿನಲ್ಲಿ ಫೋನ್ ಇದ್ದದ್ದು ಅವರೊಬ್ಬರ ಮನೆಯಲ್ಲೇ. ಹೆಂಡತಿ ವನಮಾಲಾ ಕಾಲೇಜು ಓದಿದವರು, ನನ್ನಂಥ ಬಾಯಿಬಡಕಿಯ ಹತ್ತಿರವೂ ನಯವಾಗಿ ಮಾತಾಡುವ ಹೆಂಗಸು. ಅವರ ಒಬ್ಬನೇ ಮಗ ಜಯಸಿಂಹ ವಾಯುಪಡೆಯ ಪೈಲಟ್. ಆ ಐದು ವಿಮಾನಗಳಲ್ಲಿ ಅವನದೂ ಒಂದು. ಹಾರಾಟದ ಹಿಂದಿನ ದಿನ ಸಂಜೆ ತಾಯಿ ಮಗ ಇಬ್ಬರೂ ಒಂದು ತಟ್ಟೆ ಕೋಡುಬಳೆ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ತನ್ನ ದೊಡ್ಡ ಸಾಹೇಬರ ಎದುರು ಹುಡುಗ ಕೂರಲೂ ಹೆದರುತ್ತಿದ್ದ.

“ಕೂಡಪ್ಪಾ. ಇಲ್ಲಿ ಅವಾ ಸಾಹೇಬ ಅಲ್ಲ, ನನ್ನ ತಮ್ಮ. ನಾ ಹೇಳಿದಂಗ ಕೇಳತಾನ” ಎಂದೆ. ಎಲ್ಲರೂ ನಕ್ಕರು.

“ಅಷ್ಟು ಹತ್ತಿರ ಹತ್ತಿರ ಹೆಂಗ ಹಾರತೀರೋ ಯಪ್ಪಾ, ಒಂದಕ್ಕೊಂದು ಬಡಿಯಂಗಿಲ್ಲೇನು?” ಎಂದು ಕೇಳಿದೆ. ಹುಡುಗನಿಗೆ ಉಮೇದು ಬಂತು. ಐದು ಕೋಡುಬಳೆ ತೆಗೆದು ತಟ್ಟೆಯ ಮೇಲೆ ಬಾಣದ ಹಾಗೆ ಜೋಡಿಸಿದ.

“ಇದು ಸರ್. ಇದು ನಾನು, ಸರ್ ಎಡಗಡೆ. ನಾವು ಹಿಂದಿನವರು ಮುಂದಕ್ಕೆ ನೋಡೋದೇ ಇಲ್ಲಮ್ಮಾ. ಸರ್ ರೆಕ್ಕೆ ಒಂದನ್ನೇ ನೋಡ್ಕೊಂಡು ಹೋಗೋದು. ಕೊಲಾಬಾ ಕಡೆಯಿಂದ ಬಂದು, ಮಲಬಾರ್ ಹಿಲ್ ಸಿಗೋಕೆ ಮುಂಚೆ ಎಡಕ್ಕೆ, ಸಮುದ್ರದ ಮೇಲಕ್ಕೆ ತಿರುಗಬೇಕು. ತಿರುಗೋ ಮೊದಲು ಸರ್ ಒಂದ್ಸಲ ನನ್ನ ಕಡೆ ನೋಡ್ತಾರೆ, ನಾನೆಲ್ಲಿದೀನಿ ಅಂತ.”

“ನೋಡಲಿಲ್ಲ ಅಂದ್ರ?”

“ನೋಡದೆ ತಿರುಗಿದ್ರೆ ನನ್ನ ಮೇಲೇ ಬರ್ತಾರೆ” ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿ ನೀಲಕಂಠನ ಕಡೆ ನೋಡಿ, “ಸಾರಿ ಸರ್. ಇವತ್ತು ರಿಹರ್ಸಲ್‌ನಲ್ಲಿ ನಾನೇ ತುಂಬಾ ಹತ್ತಿರ ಬಂದುಬಿಟ್ಟಿದ್ದೆ ಅನ್ಸುತ್ತೆ. ನೀವು ತಿರುಗಿದಾಗ ನಾನು ಕೆಳಕ್ಕೆ ಇಳಿದು ತಪ್ಪಿಸ್ಕೋಬೇಕಾಯ್ತು. ನಾಳೆ ಹಾಗಾಗಲ್ಲ” ಎಂದ.

ವನಮಾಲಾ ಎದೆಯ ಮೇಲೆ ಕೈಯಿಟ್ಟುಕೊಂಡರು. “ಏನೋ ಇದು, ನನಗೆ ಹೇಳಲೇ ಇಲ್ಲ!”

ನಾನು ನನ್ನ ತಮ್ಮನ ಮುಖ ನೋಡಿದೆ. ತಪ್ಪು ಮಾಡಿದ ಹುಡುಗರನ್ನು ನಿಂತ ನಿಲುವಿನಲ್ಲೇ ಝಾಡಿಸುವವನು ಅವನು. ಆಗ ಬೈಯಲಿಲ್ಲ. ನಿನ್ನದೇನೂ ತಪ್ಪಿಲ್ಲ ಎಂದೂ ಅನ್ನಲಿಲ್ಲ. “ನಾಳೆ ಒಂದೀಟು ಅಂತರ ಇಟ್ಕೋ” ಎಂದಷ್ಟೇ ಹೇಳಿ ಕೋಡುಬಳೆಗೆ ಕೈ ಚಾಚಿದ. ಕೈ ತಟ್ಟೆಯನ್ನು ದಾಟಿ ಎಡಗಡೆ ಇದ್ದ ಚಹದ ಕಪ್ಪಿಗೆ ಬಡಿಯಿತು. ಕಪ್ಪು ಉರುಳಿ ಚಹ ಅವನ ತೊಡೆಯ ಮೇಲೆಲ್ಲ ಚೆಲ್ಲಿತು. ಜಾರಿದ ಪತ್ರೆ, ಲೋಟದ ಹೊರಗೆ ಹರಿದ ನೀರು ನೆನಪಿಗೆ ಬಂದವು. ಹೀಗಿರಲಾರದು ಎಂದು ನನಗೆ ನಾನೇ ಹೇಳಿಕೊಂಡೆ.

ಹಾರಾಟದ ದಿನ ಬೆಳಿಗ್ಗೆ ಅವನು ಪೂಜೆಗೆ ಕೂತ. ನಾನು ಪತ್ರೆಯ ಬುಟ್ಟಿ ಹಿಡಿದು ಅವನ ಎಡಗಡೆಗೇ ಕೂತೆ. ಅವನು ಅಂಗೈಯ ಲಿಂಗದ ಮೇಲೆ ದೃಷ್ಟಿ ಇಟ್ಟ. ನಾನು ನನ್ನ ಕೈಯನ್ನು ಮೆಲ್ಲಗೆ ಎತ್ತಿ ಅವನ ಕಿವಿಯ ಹತ್ತಿರ ತಂದೆ. ಏನೂ ಇಲ್ಲ. ಇನ್ನೂ ಮುಂದಕ್ಕೆ ತಂದೆ, ಎಡಗಣ್ಣಿನ ರೆಪ್ಪೆಗೆ ತಗಲುವಷ್ಟು. ಒಂದು ನೊಣ ಬಂದರೂ ಮನುಷ್ಯನ ಕಣ್ಣು ಮಿಟುಕುತ್ತದೆ. ಅವನದು ಮಿಟುಕಲಿಲ್ಲ.

“ತಮ್ಮಾ, ನನ್ನ ಕೈ ಎಲ್ಲೈತಿ?”

“ಯಾಕಕ್ಕಾ?”

“ಹೊಳ್ಳಿ ನೋಡಬ್ಯಾಡ. ಹಂಗಽ ಹೇಳು. ಎಲ್ಲೈತಿ?”

“ನಿನ್ನ ತೊಡೀ ಮ್ಯಾಲೆ ಇರಬೇಕು.”

“ನಿನ್ನ ಎಡಗಣ್ಣಿನ ಮುಂದ ಐತೋ ನನ್ನಪ್ಪಾ!”

ಅವನು ತಿರುಗಿದ. ನನ್ನ ಕೈಯನ್ನು ನೋಡಿದ. ಆ ಮುಖ ನಾನು ಸಾಯುವವರೆಗೆ ಮರೆಯಲಾರೆ. ದೀಪಾವಳಿ ಆದಮೇಲೆ ಶುರುವಾಯಿತಂತೆ. ಮೊದಲು ಅಂಚಿನಲ್ಲಿ ಒಂದು ಕರಿ ನೆರಳು, ಆಮೇಲೆ ಪರದೆ ಎಳೆದ ಹಾಗೆ ದಿನದಿನಕ್ಕೂ ಮುಚ್ಚುತ್ತಾ ಬಂದಿದೆ. ಯಾರಿಗೂ ಹೇಳಿಲ್ಲ, ಹೆಂಡತಿಗೂ ಇಲ್ಲ. ಮೆಸ್ಸು ಬಿಟ್ಟು ನನ್ನ ಮನೆಗೆ ಬಂದದ್ದು ರೊಟ್ಟಿಗಲ್ಲ, ಅಲ್ಲಿ ಕಪ್ಪು ಉರುಳಿದರೆ ನೋಡುವ ಕಣ್ಣುಗಳು ಬಹಳ ಎಂದು.

“ಡಾಕ್ಟರಗ ತೋರಸಬೇಕಿಲ್ಲೋ, ಹುಚ್ಚ ಸೂಳೆಮಗನ!”

“ತೋರಿಸಿದ ದಿನಾನ ಮುಗೀತು ಅಕ್ಕಾ. ಮತ್ತ ಹಾರಂಗಿಲ್ಲ. ದಿಲ್ಲಿ ಕುರ್ಚಿ ಮತ್ತೊಬ್ಬಗ. ಮುಂದಿನ ತಿಂಗಳ ತಪಾಸಣಿ ಐತಿ, ಅಷ್ಟರಾಗ ಆರ್ಡರ್ ಬಂದಿರತೈತಿ. ಇವತ್ತೊಂದ ದಿನ. ಹಾರಿ ಇಳದೆ ಅಂದ್ರ ನಾನಽ ಹೋಗಿ ತೋರಸತೀನಿ, ನಿನ್ನಾಣಿ.”

“ಎಡಕ್ಕ ಆ ಹುಡುಗ ಅದಾನಲ್ಲೋ.”

“ಅಂತರ ಇಟ್ಕೋ ಅಂತ ಹೇಳೇನಿ.”

“ನಿನ್ನೆ ಅಂವಾ ತನ್ನದಽ ತಪ್ಪು ಅಂದ. ನೀ ಬಾಯಿ ಮುಚ್ಚಿಕೊಂಡು ಕೂತಿ. ನಿನಗ ನಾಚಿಕಿ ಬರಲಿಲ್ಲೇನು?”

ಅವನು ತಲೆ ತಗ್ಗಿಸಿದ. ಅಷ್ಟರಲ್ಲಿ ಕೆಳಗೆ ಜೀಪಿನ ಹಾರ್ನ್ ಕೇಳಿಸಿತು. ತಲೆ ತಗ್ಗಿಸಿದ ನನ್ನ ತಮ್ಮ ಮಾಯವಾದ, ಅವನ ಜಾಗದಲ್ಲಿ ಏರ್ ಕಮೋಡೋರ್ ಎದ್ದು ಕೂತ. ಬೆನ್ನು ನೆಟ್ಟಗಾಯಿತು. ಕರಡಿಗೆಯ ಮುಚ್ಚಳಕ್ಕೆ ಬಲಗೈ ಚಾಚಿ, “ಸಾಕು ಬಿಡಕ್ಕಾ. ಬರ್ಮಾದಾಗ ಇದಕ್ಕಿಂತ ಕೆಟ್ಟದ್ದ ನೋಡೇನಿ. ನಾ ಹೋಗತೀನಿ” ಎಂದ.

ಏನು ಮಾಡಲಿ? ಬೈದೆ, ಕೇಳಲಿಲ್ಲ. ಅತ್ತರೆ ಕೇಳುವ ಗಂಡಸಲ್ಲ. ಅಡ್ಡ ನಿಂತರೆ ಪಕ್ಕಕ್ಕೆ ಸರಿಸಿ ಹೋಗುತ್ತಾನೆ. ಅವನ ಎಡ ಅಂಗೈಯಲ್ಲಿ ಲಿಂಗ ಇನ್ನೂ ಹಾಗೇ ಇತ್ತು. ನಾನು ಕೈ ಹಾಕಿ ಅದನ್ನು ಎತ್ತಿಕೊಂಡುಬಿಟ್ಟೆ.

ನಮ್ಮವರಲ್ಲದವರಿಗೆ ಇದು ತಿಳಿಯುವುದು ಕಷ್ಟ. ಒಬ್ಬರ ಇಷ್ಟಲಿಂಗವನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಗಂಡನದನ್ನು ಹೆಂಡತಿ ಮುಟ್ಟುವುದಿಲ್ಲ, ಮಗನದನ್ನು ತಾಯಿ ಮುಟ್ಟುವುದಿಲ್ಲ. ಅದು ಮೈಮೇಲೆ ಇಲ್ಲದಿದ್ದರೆ ಹನಿ ನೀರು ಗಂಟಲಿಗೆ ಇಳಿಸುವುದಿಲ್ಲ, ಬೀದಿಗೆ ಇಳಿಯುವುದಿಲ್ಲ. ಇದೆಲ್ಲ ಗೊತ್ತಿದ್ದೇ ಮಾಡಿದೆ. ಮುಷ್ಟಿ ಬಿಗಿಹಿಡಿದು ಗೋಡೆಗೆ ಬೆನ್ನು ಹಚ್ಚಿ ನಿಂತೆ.

“ಅಕ್ಕಾ!” ಎಂದು ಕೂಗಿದ. ಚಿಕ್ಕವನಿದ್ದಾಗ ಬಾವಿಯ ಮೆಟ್ಟಿಲಲ್ಲಿ ಜಾರಿ ಹಾಗೆಯೇ ಕೂಗಿದ್ದ.

ಕೂಗು ಕೇಳಿ ನಮ್ಮ ಮನೆಯವರು ಪೇಪರ್ ಹಿಡಿದುಕೊಂಡೇ ಓಡಿಬಂದರು. “ಏನ ಮಾಡಾಕತ್ತೀಯೇ ಮಾರಾಯ್ತಿ! ಪರಲಿಂಗ! ಕೊಡು, ಕೊಡು ಮೊದಲ!”

“ನೀವು ಸುಮ್ಮನ ನಿಂದರ್ರೀ.”

“ನಿನಗ ಪಾಪ ಸುತಗೋತೈತಿ ಅಕ್ಕಾ” ಎಂದ ನೀಲಕಂಠ.

“ಸುತಗೊಳ್ಳಲಿ. ವನಮಾಲಾಬಾಯಿ ಮಗನ್ನ ಕೊಂದು ಬಂದು ನೀ ನನ್ನ ಮುಂದ ರೊಟ್ಟಿ ತಿನ್ನಾಕ ಕೂತರ, ಆ ಪಾಪ ತೊಳಿಯಾಕ ಯಾವ ಗಂಗಿ ಐತೋ? ಹೋಗತೀಯೇನು? ಹೋಗು. ಲಿಂಗಿಲ್ಲದ ಮೈಲೇ ಹೋಗು. ಅಪ್ಪಗ ಕೊಟ್ಟ ಮಾತು ತುಳದು ಹೋಗು. ಇಲ್ಲಾ ನನ್ನ ಬೊಟ್ಟು ಮುರದು ಕಸಗೊಂಡು ಹೋಗು.”

ಕಸಿದುಕೊಳ್ಳಬಹುದಿತ್ತು. ಆರಡಿ ಆಳು, ನಾನು ಐವತ್ತು ದಾಟಿದ ಮುದುಕಿ. ಎರಡು ಹೆಜ್ಜೆ ಮುಂದೆ ಬಂದು ನನ್ನ ಮಣಿಕಟ್ಟು ಹಿಡಿದ. ಅವನ ಬೆರಳು ಬಿಗಿಯಾದವು, ನೋವಾಯಿತು. ನಾನು ಅವನ ಕಣ್ಣನ್ನೇ ನೋಡಿದೆ, ಕಾಣುವ ಕಣ್ಣನ್ನು. ಕೆಳಗೆ ಹಾರ್ನ್ ಮತ್ತೆ ಕೂಗಿತು. ನಮ್ಮ ಮನೆಯವರು “ಶಿವಾ, ಶಿವಾ” ಎನ್ನುತ್ತಾ ನಿಂತಿದ್ದರು. ಹಿಡಿದ ಕೈ ನಿಧಾನಕ್ಕೆ ಸಡಿಲಾಯಿತು. ಅವನು ಹಿಂದೆ ಸರಿದು ಮಣೆಯ ಮೇಲೆ ಕುಸಿದು ಕೂತ.

“ಫೋನ್ ಮಾಡತೀನಿ. ಹೊಟ್ಟಿ ಕೆಟ್ಟೈತಿ, ಬರಾಕ ಆಗಂಗಿಲ್ಲ ಅಂತೀನಿ” ಎಂದ.

“ಅಂದ್ರ ಮುಂದಿನ ವಾರ ಮತ್ತ ಹಾರತಿ?”

ಅವನು ಖಾಲಿ ಕರಡಿಗೆಯ ಮುಚ್ಚಳ ಹಾಕಿದ.

“ಖರೇನ ಹೇಳಬೇಕು, ನೀಲಕಂಠಾ. ಕಣ್ಣು ಅಂತನ ಹೇಳಬೇಕು. ಅಲ್ಲೀತನಕಾ ಇದು ನನ್ನ ಮುಷ್ಟ್ಯಾಗ ಇರತೈತಿ.”

ಅವನು ಸಮವಸ್ತ್ರ ತೊಟ್ಟ. ಗುಂಡಿ ಹಾಕುವಾಗ ಬೆರಳು ತಡವರಿಸುತ್ತಿದ್ದವು. ಎದೆಯ ಮೇಲೆ ಬಣ್ಣಬಣ್ಣದ ರಿಬ್ಬನ್ನುಗಳ ಸಾಲು. ಕೆಳಗಿನ ಮನೆಗೆ ಮೆಟ್ಟಿಲಿಳಿದ. ಹಿಂದೆ ನಾನು, ಮುಷ್ಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು. ಫೋನಿನಲ್ಲಿ ಏನು ಹೇಳುತ್ತಾನೋ ನನಗೆ ಖಾತ್ರಿ ಇರಲಿಲ್ಲ, ಯಾಕೆಂದರೆ ಅವನು ಮಾತಾಡುವುದು ಇಂಗ್ಲಿಷಿನಲ್ಲಿ. ನನಗೆ ಇಂಗ್ಲಿಷ್ ಬರುವುದಿಲ್ಲ.

ಜಯಸಿಂಹ ನಸುಕಿನಲ್ಲೇ ವಿಮಾನದ ಕಡೆ ಹೋಗಿದ್ದ, ಕೇಶವಮೂರ್ತಿ ಜಾಗ ಹಿಡಿಯಲು ಆಗಲೇ ಚೌಪಾಟಿಗೆ ಹೋಗಿದ್ದರು. ವನಮಾಲಾ ರೇಷ್ಮೆ ಸೀರೆಯುಟ್ಟು ಕನ್ನಡಿಯ ಮುಂದೆ ಮಲ್ಲಿಗೆ ಮುಡಿಯುತ್ತಿದ್ದರು. “ಬನ್ನಿ ಚಂದ್ರವ್ವನವರೇ, ನೀವಿನ್ನೂ ಹೊರಟೇ ಇಲ್ವಾ?” ಎಂದು ನಕ್ಕರು. ನೀಲಕಂಠ “ಒಂದು ಫೋನ್ ಮಾಡಬೇಕು” ಎಂದ. ಅವರು ಪಕ್ಕಕ್ಕೆ ಸರಿದು ನಿಂತರು.

ಅವನು ಮಾತು ಶುರು ಮಾಡಿದ. ಗಟ್ಟಿ ದನಿ, ಹುಕುಂ ಕೊಡುವ ದನಿ. ನನಗೆ ಒಂದಕ್ಷರ ತಿಳಿಯಲಿಲ್ಲ. ಹೊಟ್ಟೆ ಎಂದನೋ ಕಣ್ಣು ಎಂದನೋ? ನಾನು ಅವನನ್ನು ಬಿಟ್ಟು ವನಮಾಲಾ ಅವರ ಮುಖ ನೋಡಿದೆ. ಅವರಿಗೆ ಎಲ್ಲ ತಿಳಿಯುತ್ತದಲ್ಲ. ಮೊದಲು ಆ ಮುಖದಲ್ಲಿ ನಗುವಿತ್ತು. ಹೊಟ್ಟೆ ಎಂದಿದ್ದಾನೆ, ಸುಳ್ಳು ಹೇಳಿದ್ದಾನೆ ಎಂದುಕೊಂಡೆ. ಆ ಕಡೆಯವರು ಏನೋ ಕೇಳಿರಬೇಕು. ಇವನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. ನನ್ನ ಮುಷ್ಟಿಯ ಕಡೆ ಒಮ್ಮೆ ನೋಡಿದ. ಮತ್ತೆ ಮಾತಾಡಿದಾಗ ದನಿಯಲ್ಲಿ ಹುಕುಂ ಇರಲಿಲ್ಲ. ಒಂದೊಂದೇ ಮಾತು, ನಿಧಾನವಾಗಿ.

ವನಮಾಲಾ ಅವರ ನಗು ಹೋಯಿತು. ಮಲ್ಲಿಗೆ ಹಿಡಿದ ಕೈ ಜಡೆಯ ಹತ್ತಿರ ಹಾಗೆಯೇ ನಿಂತಿತು. ಆಮೇಲೆ ಹೂವು ನೆಲಕ್ಕೆ ಬಿತ್ತು, ಅವರು ಬಗ್ಗಿ ಎತ್ತಿಕೊಳ್ಳಲಿಲ್ಲ. ಹೇಳಿದ್ದಾನೆ ಎಂದು ನನಗೆ ತಿಳಿಯಿತು. ಸಮಾಧಾನವಾಗಬೇಕಿತ್ತು. ಅದರ ಬದಲು ನನ್ನ ಮಗುವನ್ನು ನಾನೇ ಬೆಟ್ಟದಿಂದ ತಳ್ಳಿದಂತಾಯಿತು. ತಾಯಿಯಿಲ್ಲದ ಕೂಸು ಇಷ್ಟು ವರ್ಷ ಹತ್ತಿದ ಮೆಟ್ಟಿಲುಗಳೆಲ್ಲ ಆ ಒಂದು ಫೋನಿನಲ್ಲಿ ಹೋದವು.

ಅವನು ಫೋನ್ ಇಟ್ಟ. “ಇನ್ನೊಬ್ಬರು ಮುಂದಿನ ವಿಮಾನ ಹಾರಸತಾರ” ಎಂದ, ಯಾರಿಗೆಂದಿಲ್ಲದೆ.

“ನಿನ್ನೆ ರಿಹರ್ಸಲ್‌ನಲ್ಲಿ?” ಎಂದು ಕೇಳಿದರು ವನಮಾಲಾ.

“ಹೌದ್ರಿ.”

“ನಿಮಗೆ ಗೊತ್ತಿತ್ತು.”

“ಗೊತ್ತಿತ್ತು. ನಿಮ್ಮ ಹುಡುಗಂದು ಏನೂ ತಪ್ಪಿರಲಿಲ್ಲ.”

“ರಾತ್ರಿಯೆಲ್ಲ ಅವನು ನಿದ್ದೆ ಮಾಡಲಿಲ್ಲ ಕಣ್ರೀ. ‘ಅಮ್ಮಾ, ನಾನೆಲ್ಲಿ ತಪ್ಪು ಮಾಡಿದೆ, ಗೊತ್ತಾಗ್ತಾನೇ ಇಲ್ಲ’ ಅಂತಿದ್ದ.” ಅವರು ಕಿರುಚಲಿಲ್ಲ, ಬೈಯಲಿಲ್ಲ. ನಾಲ್ಕು ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ನೀಲಕಂಠ ಕೈ ಮುಗಿದ. ಅವರು ಅದನ್ನು ನೋಡಲೂ ಇಲ್ಲ. ಗೋಡೆ ಹಿಡಿದುಕೊಂಡು ನಮ್ಮನ್ನು ದಾಟಿ ತಾರಸಿಯ ಮೆಟ್ಟಿಲು ಹತ್ತಿದರು. ಚೌಪಾಟಿಗೆ ಹೋಗುವ ವಿಚಾರ ಬಿಟ್ಟಿದ್ದರು.

ಮೆಟ್ಟಿಲ ಮೇಲೆ ನಾನು ಅವನ ಲಿಂಗವನ್ನು ಅವನ ಅಂಗೈಗೆ ಇಟ್ಟೆ. ನನ್ನ ಬೆವರಿನಿಂದ ಅದು ಒದ್ದೆಯಾಗಿತ್ತು. ಜೇಬಿನಲ್ಲಿದ್ದ ಕರಡಿಗೆಗೆ ಹಾಕಿ ಕೊರಳಿಗೆ ಕಟ್ಟಿಕೊಂಡ. ನಮ್ಮ ಮನೆಯವರು ಶುದ್ಧಿ ಮಾಡಿಸಬೇಕೆಂದು ಜಂಗಮ ಚನ್ನಬಸಯ್ಯನವರನ್ನು ಕರೆತರಲು ಮಾಟುಂಗಾಕ್ಕೆ ಓಡಿದ್ದರು. ಜೀಪು ಬರಿದೇ ಹೋಯಿತು.

“ಸಿಟ್ಟ ಬಂದೈತೇನೋ ತಮ್ಮಾ?”

“ಬಂದೈತಿ” ಎಂದ. ಕರಡಿಗೆಯನ್ನು ಅಂಗಿಯೊಳಗೆ ಇಳಿಸಿಕೊಂಡು, “ಮ್ಯಾಲೆ ನಡಿ. ಟ್ರಾಂಬೆ ಗುಡ್ಡದ ಮ್ಯಾಲೆ ಸುತ್ತ ಹಾಕಿ ಕೊಲಾಬಾ ಕಡೆ ಎಡಕ್ಕ ಹೊಳ್ಳತಾರ. ಇಲ್ಲಿಂದನ ಕಾಣಸತೈತಿ” ಎಂದ.

ತಾರಸಿಯ ಒಂದು ಮೂಲೆಯಲ್ಲಿ ವನಮಾಲಾ ಕಟ್ಟೆ ಹಿಡಿದು ನಿಂತಿದ್ದರು. ನಾವು ಇನ್ನೊಂದು ಮೂಲೆಗೆ ಹೋದೆವು. ದೂರದಲ್ಲಿ ಸದ್ದು ಕೇಳಿಸಿತು. ಕಿವಿಯಲ್ಲಿ ಹುಟ್ಟಿ ಎದೆಗೆ ಇಳಿಯುವ ಸದ್ದು. ನಾನು ತಲೆಯೆತ್ತಿದೆ. ನನ್ನ ತಮ್ಮ ನೀರಿನ ಟಾಂಕಿಯ ಕಡೆ ಮುಖ ಮಾಡಿ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದ.

“ನೋಡಂಗಿಲ್ಲೇನು?”

“ನನ್ನ ಕೈಲಿ ಆಗಂಗಿಲ್ಲ ಅಕ್ಕಾ. ಎಡಕ್ಕ ಹೊಳ್ಳೂ ಹೊತ್ತು. ಎಡಗಡಿ ವಿಮಾನ ಐತೋ ಇಲ್ಲೋ, ನೀನ ನೋಡಿ ಹೇಳು.”

ನನ್ನ ಕಣ್ಣಲ್ಲಿ ನೀರು ತುಂಬಿ ಆಕಾಶವೆಲ್ಲ ಕಲಸಿಹೋಗಿತ್ತು. ಸೆರಗಿನಿಂದ ಒರೆಸಿಕೊಂಡೆ, ಮತ್ತೆ ತುಂಬಿತು. ಯಾವುದು ಮುಂದಿನದು, ಯಾವುದು ಎಡದ್ದು, ಒಂದೂ ತಿಳಿಯಲಿಲ್ಲ.

“ಅಕ್ಕಾ, ಹೇಳು!” ಎಂದು ಅವನು ಕೂಗಿದ.

ನಾನು ಏನು ಹೇಳಲಿ ಎಂದು ತಡವರಿಸುತ್ತಿದ್ದಾಗ ಆ ಮೂಲೆಯಿಂದ ವನಮಾಲಾ ಅವರ ದನಿ ಬಂತು. ನಮ್ಮ ಕಡೆ ತಿರುಗಿರಲಿಲ್ಲ.

“ತಿರುಗಿದ್ರು. ಇದಾನೆ, ಎಡಗಡೆನೇ ಇದಾನೆ.”

ನೀಲಕಂಠ ಕಣ್ಣು ತೆರೆಯುವಷ್ಟರಲ್ಲಿ ಐದೂ ವಿಮಾನಗಳು ಹೋಗಿಬಿಟ್ಟಿದ್ದವು.